ಕೆಂಪಾಪುರದ ಶಾಸನವೂ ಇತಿಹಾಸದ ತರಗತಿಯೂ

ಕಾಲೇಜಿನ ತರಗತಿಯಲ್ಲಿ ಇತಿಹಾಸವು ಬಹುಮಟ್ಟಿಗೆ ನಿರ್ಣಯಗಳ ಪಾಠವಾಗಿದೆ. ಆ ನಿರ್ಣಯಗಳಿಗೆ ಆಧಾರವಾದ ಸಾಮಗ್ರಿಯು ವಿದ್ಯಾರ್ಥಿಯ ಕಣ್ಣಿಗೆ ಬೀಳುವುದು ಅಪೂರ್ವ. ಡಿಜಿಟಲ್ ಸಾಧನಗಳು ಈ ಕೊರತೆಯನ್ನು ನೀಗಬಲ್ಲವೆಂಬ ಮಾತು ಈಚೆಗೆ ಕೇಳಿಬರುತ್ತಿದೆ. ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಮಾಗಡಿ ತಾಲ್ಲೂಕಿನ ಕೆಂಪಾಪುರದ ನಿದರ್ಶನದಿಂದ ಇಲ್ಲಿ ಪರಿಶೀಲಿಸುತ್ತೇವೆ.

ಈ ಗ್ರಾಮದ ಸಮಾಧಿಯೊಂದರಲ್ಲಿರುವ ಕನ್ನಡ ಬರಹವು 2015ರಲ್ಲಿ ವಿದ್ವಾಂಸರ ಗಮನಕ್ಕೆ ಬಂದಿತು. ಹಿರಿಯ ಕೆಂಪೇಗೌಡನು ಕುಣಿಗಲಿನಿಂದ ಬಂದು ಇಲ್ಲಿ ಹೋರಾಟದಲ್ಲಿ ಮಡಿದನೆಂಬುದು ಅದರ ತಾತ್ಪರ್ಯ. ಈತನೇ ಬೆಂಗಳೂರಿನ ನಿರ್ಮಾಪಕನೆಂಬ ಅಭಿಪ್ರಾಯವು ಅಂದಿನಿಂದ ಪ್ರಚಾರದಲ್ಲಿದೆ. ಆದರೆ ಆ ಮನೆತನದಲ್ಲಿ ಕೆಂಪೇಗೌಡನೆಂಬ ಹೆಸರು ಮತ್ತೆ ಮತ್ತೆ ಬರುತ್ತದೆ. 1537ರ ಸುಮಾರಿಗೆ ಬೆಂಗಳೂರಿನ ಕೋಟೆಯನ್ನು ಕಟ್ಟಿಸಿದವನೊಬ್ಬ. 1638ರಲ್ಲಿ ಬಿಜಾಪುರದ ಸೈನ್ಯಕ್ಕೆ ಬೆಂಗಳೂರನ್ನು ಬಿಟ್ಟುಕೊಟ್ಟು ಮಾಗಡಿಗೆ ಸರಿದವನೊಬ್ಬ. 1728ರಲ್ಲಿ ಮೈಸೂರಿನವರಿಗೆ ಮಾಗಡಿಯೊಡನೆ ಸೆರೆಸಿಕ್ಕವನೊಬ್ಬ. ಹೀಗಿರಲು, ಶಾಸನದ ‘ಹಿರಿಯ’ನು ಯಾರಿಗಿಂತ ಹಿರಿಯನು? ಬರಹವು ಮರಣದ ಕಾಲದ್ದೋ, ಸಂತತಿಯವರು ಅನಂತರ ಬರೆಸಿದ್ದೋ? ಪದವಿ ತರಗತಿಗೆ ಇದಕ್ಕಿಂತ ಉತ್ತಮವಾದ ಪ್ರಶ್ನೆ ದೊರೆಯುವುದು ಕಷ್ಟ.

ಇದನ್ನು ವಿದ್ಯಾರ್ಥಿಗಳ ಮುಂದಿಡಲು ಹಿಂದೆ ಅಚ್ಚಾದ ಪಾಠವೊಂದೇ ಗತಿಯಾಗಿತ್ತು. ರೈಸ್ ಅವರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 9ನೆಯ ಸಂಪುಟದಲ್ಲಿ ಮಾಗಡಿ ತಾಲ್ಲೂಕಿನ ಶಾಸನಗಳು ಅಡಕವಾಗಿವೆ. ಅದರ ಉಪಕಾರವು ದೊಡ್ಡದು. ಆದರೂ ಅಲ್ಲಿ ದೊರೆಯುವುದು ಮತ್ತೊಬ್ಬರು ಓದಿ ಮುಗಿಸಿದ ಪಾಠ. ಮಿಥಿಕ್ ಸೊಸೈಟಿಯು 2021ರಲ್ಲಿ ಬೆಂಗಳೂರು ಪ್ರದೇಶದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಕಾರ್ಯವನ್ನು ಕೈಗೊಂಡಿತು. ಇಂತಹ ಪ್ರತಿಕೃತಿಯನ್ನು ಪರದೆಯ ಮೇಲೆ ತಿರುಗಿಸಿ, ಬೆಳಕನ್ನು ಒಂದು ಮಗ್ಗುಲಿನಿಂದ ಬೀಳಿಸಿದರೆ, ಸವೆದ ಅಕ್ಷರದ ತಗ್ಗಿನಲ್ಲಿ ನೆರಳು ನಿಂತು ಅದರ ಆಕಾರವು ತೋರುತ್ತದೆ. ಸ್ಕ್ಯಾನರ್ ಇಲ್ಲದೆಡೆ, ಒಂದರ ಅಂಚು ಮತ್ತೊಂದರಲ್ಲಿ ಸೇರುವಂತೆ ಮೊಬೈಲ್ ಫೋನಿನಿಂದ ತೆಗೆದ ಹಲವು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿಯೂ ಪ್ರತಿಕೃತಿಯನ್ನು ಪಡೆಯಬಹುದು. ಕಲ್ಲಿಗೆ ಸುಣ್ಣವನ್ನಾಗಲಿ ಎಣ್ಣೆಯನ್ನಾಗಲಿ ಬಳಿಯುವ ಅಗತ್ಯವಿಲ್ಲ, ಬಳಿಯಲೂ ಕೂಡದು.

ಬೋಧನೆಯ ಕ್ರಮವನ್ನು ನಾವು ಹೀಗೆ ಸೂಚಿಸುತ್ತೇವೆ. ತರಗತಿಯನ್ನು ನಾಲ್ಕೈದು ಮಂದಿಯ ಗುಂಪುಗಳಾಗಿ ವಿಂಗಡಿಸಬೇಕು. ಗುಂಪಿಗೊಂದು ಫೋನು ಸಾಕು. ಪ್ರತಿಯೊಂದು ಗುಂಪೂ ತಾನು ಕಂಡ ಅಕ್ಷರಗಳನ್ನು ಮಾತ್ರ ಬರೆದುಕೊಂಡು, ಸಂದಿಗ್ಧವಾದವುಗಳಿಗೆ ಗುರುತು ಹಾಕಬೇಕು. ಬಳಿಕ ಕಾಲ ತಿಳಿದಿರುವ ಇತರ ಶಾಸನಗಳ ಲಿಪಿಯೊಡನೆ ಹೋಲಿಸಿ, ಮನೆತನದ ವಂಶಾವಳಿಯನ್ನು ಎದುರಿಗಿಟ್ಟುಕೊಂಡು, ತನ್ನ ನಿರ್ಣಯಕ್ಕೆ ಕಾರಣಗಳನ್ನು ಕೊಡಬೇಕು. ಪ್ರಕಟಿತ ಪಾಠವನ್ನು ಅಧ್ಯಾಪಕರು ಕೊನೆಯಲ್ಲಿಯೇ ತೋರಿಸತಕ್ಕದ್ದು. ಮೊದಲೇ ತೋರಿಸಿದರೆ ಪರದೆಯು ಕರಿಹಲಗೆಯ ಸ್ಥಾನವನ್ನು ಆಕ್ರಮಿಸುವುದೇ ಹೊರತು ಕಲಿಕೆಯ ರೀತಿಯು ಬದಲಾಗದು.

ಸಾಧನವು ಅಕ್ಷರವನ್ನು ತೋರಿಸಬಲ್ಲದು. ಆ ಅಕ್ಷರವು ಯಾವ ಕೆಂಪೇಗೌಡನನ್ನು ಕುರಿತದ್ದೆಂದು ಹೇಳಲಾರದು. ಸ್ಥಳಾಭಿಮಾನವು ಪ್ರಬಲವಾಗಿರುವ ಇಂತಹ ವಿಷಯದಲ್ಲಿ ಶಾಸನವು ಹೇಳುವುದೆಷ್ಟು, ನಾವು ಊಹಿಸುವುದೆಷ್ಟು ಎಂಬುದನ್ನು ಬೇರ್ಪಡಿಸುವುದು ಸುಲಭವಲ್ಲ. ಮಾಗಡಿಯ ಸೀಮೆಯಿಂದಲೇ ಬಂದ ವಿದ್ಯಾರ್ಥಿಯು ಅದನ್ನು ಮಾಡಬಲ್ಲವನಾದರೆ, ತನ್ನ ಊರಿನ ಇತಿಹಾಸಕ್ಕೆ ಅವನಿಂದ ಸಲ್ಲಬಹುದಾದ ಸೇವೆಯು ಅಲ್ಪವಲ್ಲವೆಂದು ನಾವು ಭಾವಿಸುತ್ತೇವೆ.