ಮಾವಿನ ಧೋಣಸ

ಕಾರವಾರ, ಅಂಕೋಲಾ ಸೇರಿದಂತೆ ಕೊಂಕಣ ಕರಾವಳಿಯ ಬೇಸಿಗೆಯ ಸಿಹಿ. ಮೊಟ್ಟೆ, ಮೈದಾ ಇಲ್ಲದ ರವೆಯ ಕೇಕು. ಈ ಸೀಮೆಯಲ್ಲಿ ಧೋಣಸಕ್ಕೆ ಕರಿ ಇಶಾಡಿನಷ್ಟು ಒಪ್ಪುವ ಮಾವು ಬೇರೊಂದಿಲ್ಲ: ತೆಳು ಸಿಪ್ಪೆ, ತುಂಬು ತಿರುಳು, ಗಾಢ ಪರಿಮಳ. 2023ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಈ ಅಂಕೋಲಾ ತಳಿ ಹಣ್ಣಾದ ಮೇಲೆ ಹೆಚ್ಚು ದಿನ ಉಳಿಯುವುದಿಲ್ಲ.

ರವೆಯನ್ನು ತುಪ್ಪದಲ್ಲಿ ಕೆಂಪಗೆ ಹುರಿದು, ಮಾವಿನ ರಸ, ಬೆಲ್ಲ, ತೆಂಗಿನಹಾಲು, ಏಲಕ್ಕಿ, ಚಿಟಿಕೆ ಉಪ್ಪು ಕೂಡಿಸಿ ನೆನೆಯಲು ಬಿಡಬೇಕು. ನೆನೆಯದ ರವೆ ಹಲ್ಲಿಗೆ ಕಚಕಚ ಸಿಗುತ್ತದೆ; ಇಲ್ಲಿ ಅವಸರ ಸಲ್ಲದು. ಹಳೆಯ ಕ್ರಮದಲ್ಲಿ ತುಪ್ಪ ಸವರಿದ ದಪ್ಪ ತಳದ ಪಾತ್ರೆಗೆ ಹಿಟ್ಟು ಸುರಿದು, ಒಲೆಯಲ್ಲಿ ಸಣ್ಣ ಕೆಂಡ, ಮುಚ್ಚಳದ ಮೇಲೂ ಕೆಂಡ ಹರಡುತ್ತಾರೆ. ಎರಡು ಕಡೆಯ ಶಾಖಕ್ಕೆ ನಡುಭಾಗ ಮೆತ್ತಗೆ ಬೇಯುತ್ತದೆ. ತಳದ ಬೆಲ್ಲ ಕರಗಿ ಕಂದು ಹೊರಪದರವಾಗುತ್ತದೆ. ಈಗ ಓವನ್ನಿನಲ್ಲಿ 180 ಡಿಗ್ರಿ ಸೆಲ್ಸಿಯಸ್ ಸಾಕು. ಪೂರ್ತಿ ಆರಿದ ಮೇಲೆಯೇ ತಟ್ಟೆಗೆ ಕವುಚಬೇಕು, ಬಿಸಿಯಲ್ಲಿ ಮಗುಚಿದರೆ ಒಡೆಯುತ್ತದೆ. ಕವುಚಿದಾಗ ಹೊಳೆಯುವ ತಳವೇ ಮೇಲಾಗುತ್ತದೆ; ತಿನ್ನುವವರು ಮೊದಲು ಕೈಹಾಕುವುದು ಅದರ ಅಂಚಿಗೆ. ಸೌತೆಕಾಯಿಯಿಂದ ಮಾಡುವ ಇದರ ಸೋದರ ತಿನಿಸು ತವಸಳಿ.