ಬ್ರೇಕ್ ಪೆಡಲಿನ ರಬ್ಬರ್ ಬರೀ ಅಲಂಕಾರಕ್ಕಾ?

ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್‌ನಂಥ ಹಳೆಯ ಕಾರುಗಳ ಬ್ರೇಕ್, ಕ್ಲಚ್ ಪೆಡಲುಗಳಿಗೆ ರಬ್ಬರಿನ ಹೊದಿಕೆ ಇರುತ್ತದೆ. ಎರಡೂ ಮೂಲತಃ ಬ್ರಿಟಿಷ್ ಕಾರುಗಳೇ. ಹೆರಾಲ್ಡ್‌ನ ಚಾಸಿಯನ್ನೇ ಮೊಟಕು ಮಾಡಿ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ತಂದರು.

ಈ ರಬ್ಬರ್ ಸವೆದರೂ, ಕಿತ್ತುಹೋದರೂ ಹಲವರು ಹಾಗೇ ಓಡಿಸುತ್ತಾರೆ. ಬ್ರೇಕ್ ಹಿಡಿಯುವುದು ಚಕ್ರದಲ್ಲಿ ತಾನೇ ಎನ್ನುವುದು ಅವರ ವಾದ. ಅರ್ಧ ನಿಜ. ಪಾದದ ಬಲ ಚಕ್ರ ಮುಟ್ಟಬೇಕಾದರೆ ಮೊದಲು ಪಾದ ಪೆಡಲಿನ ಮೇಲೆ ನಿಲ್ಲಬೇಕು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಮಳೆಯಲ್ಲಿ ಕೆಸರು ಮೆಟ್ಟಿಕೊಂಡು ಬಂದು ಕೂತರೆ, ಬರಿ ಕಬ್ಬಿಣದ ಮೇಲೆ ಚಪ್ಪಲಿ ಜಾರುತ್ತದೆ. ರಬ್ಬರಿನ ಗೀರುಗಳು ನೀರು ಸರಿದುಹೋಗಲು ದಾರಿ ಕೊಡುತ್ತವೆ. ನಂದಿಬೆಟ್ಟ ಇಳಿಯುವಾಗ ತಿರುವಿನಲ್ಲಿ ಕಾಲು ಜಾರಿದರೆ ಏನಾದೀತು, ಯೋಚಿಸಿ.

ಹೊಸ ರಬ್ಬರ್ ಬಿಗಿಯಾಗಿರುತ್ತದೆ. "ಒಂಚೂರು ಆಯಿಲ್ ಸವರಿ, ಸಲೀಸಾಗಿ ಕೂರುತ್ತೆ" ಎಂಬ ಸಲಹೆ ಕೇಳಲೇಬೇಡಿ. ಇಂಜಿನ್ ಆಯಿಲ್, ಗ್ರೀಸ್ ತಾಗಿದರೆ ಸಹಜ ರಬ್ಬರ್ ಉಬ್ಬಿ ಸಡಿಲವಾಗುತ್ತದೆ. ಜಿಡ್ಡು ಒಣಗುವುದೂ ಇಲ್ಲ. ಬದಲಿಗೆ ಕೆಲವು ನಿಮಿಷ ಬಿಸಿನೀರಿನಲ್ಲಿ ನೆನೆಸಿ, ಮೆತ್ತಗಾಗುತ್ತದೆ. ಪೆಡಲಿನ ತುಕ್ಕು ಉಜ್ಜಿ, ಅಂಚಿಗೆ ಸೋಪಿನ ನೀರು ಸವರಿ. ಒಂದು ಬದಿಯ ಮಡಿಕೆಯನ್ನು ಪೆಡಲಿನ ಹಿಂದಕ್ಕೆ ಸಿಕ್ಕಿಸಿ, ಉಳಿದದ್ದನ್ನು ಚಮಚದ ಹಿಡಿಯಿಂದ ಎಬ್ಬಿಸಿ ಎಳೆಯಿರಿ. ಚೂಪಾದ ಸ್ಕ್ರೂಡ್ರೈವರ್ ಬೇಡ, ಹರಿಯುತ್ತದೆ.

ಸೋಪು ಒರೆಸಿ, ಪೂರ್ತಿ ಒಣಗಿದ ಮೇಲೆ ಕೈಯಿಂದ ಜಗ್ಗಿ ನೋಡಿ. ಅಲುಗಾಡಿದರೆ ಅಳತೆ ತಪ್ಪಿದೆ ಎಂದರ್ಥ. ಅಂಟು ಹಾಕಿ ಕೂರಿಸಬೇಡಿ, ಅಂಗಡಿಗೆ ವಾಪಸ್ ಕೊಟ್ಟು ಸರಿಯಾದದ್ದನ್ನು ತನ್ನಿ.