ಹತ್ತರಗಿ: ಸುಂಕದ ಕಟ್ಟೆಯಿಂದಾಚೆಗೆ

ಬೆಳಗಾವಿಯಿಂದ ಕೊಲ್ಹಾಪುರದ ಕಡೆಗೆ ಹೊರಟ ಪ್ರಯಾಣಿಕನು, ರಾಣಿ ಚೆನ್ನಮ್ಮನ ತವರಾದ ಕಾಕತಿಯನ್ನು ದಾಟಿ, ವಂಟಮುರಿಯ ಘಟ್ಟವನ್ನಿಳಿದು ಹುಕ್ಕೇರಿ ತಾಲೂಕಿನ ನೆಲವನ್ನು ಹೊಕ್ಕಮೇಲೆ, ಹೆದ್ದಾರಿಯ ಸುಂಕದ ಕಟ್ಟೆಯೊಂದರಲ್ಲಿ ಕ್ಷಣಕಾಲ ನಿಂತು ಮುಂದೆ ಸಾಗುತ್ತಾನೆ. ಹತ್ತರಗಿ ಎಂಬ ಹೆಸರು ಇಂದು ಸಹಸ್ರಾರು ಜನರಿಗೆ ಪರಿಚಿತವಾಗಿರುವುದು ಈ ಕಟ್ಟೆಯ ದೆಸೆಯಿಂದ. ಅದರ ಹಿಂದೆ ದೇವರು, ಗುರುಗಳು, ಹೊಲಗದ್ದೆಗಳುಳ್ಳ ಊರೊಂದಿದೆಯೆಂಬುದು ಅವರಲ್ಲಿ ಎಷ್ಟು ಮಂದಿಗೆ ಹೊಳೆದೀತು!

ಸರಕಾರಿ ವಿವರಗಳನ್ನು ಸಂಕ್ಷೇಪವಾಗಿ ಹೇಳಿಬಿಡಬಹುದು. 1884ರಲ್ಲಿ ಮುಂಬಯಿ ಸರಕಾರವು ಬೆಳಗಾವಿಯ ಗ್ಯಾಝೆಟಿಯರನ್ನು ಪ್ರಕಟಿಸಿದಾಗ ಹುಕ್ಕೇರಿಯ ಸೀಮೆಯು ಚಿಕ್ಕೋಡಿ ತಾಲೂಕಿನೊಳಗಿತ್ತು. 1956ರ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು; ಚಂದಗಡ ತಾಲೂಕು ಮಾತ್ರ ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. ಜೋಳ, ಶೇಂಗಾ, ಸೋಯಾ, ಕಬ್ಬು ಇಲ್ಲಿಯ ಬೆಳೆಗಳು. ನೆರೆಯ ಯಮಕನಮರಡಿಯೂ ನಮ್ಮೂರೂ ಜನರ ಬಾಯಲ್ಲಿ ಜೋಡಿಯಾಗಿಯೇ ಬರುತ್ತವೆ. ಆದರೆ 2008ರಲ್ಲಿ ವಿಧಾನಸಭಾ ಕ್ಷೇತ್ರವಾದಾಗ ಅದಕ್ಕೆ ಯಮಕನಮರಡಿಯ ಹೆಸರಾಯಿತು, ಸುಂಕದ ಕಟ್ಟೆಗೆ ನಮ್ಮೂರಿನದು. ಈ ಪಾಲುಪಟ್ಟಿಯನ್ನು ಕುರಿತು ಚಾವಡಿಯ ಕಟ್ಟೆಯಲ್ಲಿ ನಡೆಯುವ ವಿನೋದದಲ್ಲಿ ಕಿಂಚಿತ್ ಅಸಮಾಧಾನವೂ ಬೆರೆತಿರುತ್ತದೆ.

ನಮ್ಮ ಅಭಿಮಾನಕ್ಕೆ ಕಾರಣವಾದವು ಎರಡು ಸ್ಥಾನಗಳು. ಕಾರಿಮಠವು ವೀರಶೈವ ಪರಂಪರೆಯದು. ಹರಿಮಂದಿರವು ಪಂಢರಪುರದ ಪ್ರಭುವಿನ ಕಡೆಗೆ ಮುಖಮಾಡಿದ ಭಾಗವತರದು. ಒಂದೆಡೆ ವಚನ, ಮತ್ತೊಂದೆಡೆ ಅಭಂಗ. ಗಡಿಯ ವಿವಾದವನ್ನು ಕುರಿತ ಮಹಾಜನ ಆಯೋಗದ ವರದಿಯು 1967ರಲ್ಲಿ ಹೊರಬಂದು ಎರಡು ರಾಜ್ಯಗಳಲ್ಲಿ ಕೋಲಾಹಲವೆದ್ದಿತಾದರೂ, ಇಲ್ಲಿಯ ಭಕ್ತನು ವಿಠ್ಠಲನನ್ನು ಕನ್ನಡದಲ್ಲಿ ಬೇಡಿಕೊಂಡು ಮರಾಠಿಯಲ್ಲಿ ಹಾಡಲು ಯಾವ ಆಯೋಗದ ಅಪ್ಪಣೆಯನ್ನೂ ಕಾಯಲಿಲ್ಲ.

ವಿಠ್ಠಲನ ಮಾತು ಬಂದಮೇಲೆ ಹುನ್ನೂರನ್ನು ನೆನೆಯದಿರಲಾಗದು. ಸಹ್ಯಾದ್ರಿಯಲ್ಲಿ ಹುಟ್ಟಿ ಚಂದಗಡದ ಸೀಮೆಯಿಂದ ಇಳಿದುಬರುವ ಘಟಪ್ರಭೆಗೆ ಹಿಡಕಲ್ಲಿನಲ್ಲಿ ಅಣೆಕಟ್ಟು ಕಟ್ಟಿ, 2175 ಅಡಿಗಳ ಮಟ್ಟದವರೆಗೆ 51 ಟಿ.ಎಂ.ಸಿ. ನೀರು ನಿಲ್ಲಿಸಿದಾಗ, ಆ ಊರೂ ಅದರ ವಿಠ್ಠಲ ಮಂದಿರವೂ ಜಲಾಶಯದ ಪಾಲಾದವು. ಜಲಾಶಯಕ್ಕೆ ವಂಟಮುರಿಯ ರಾಜಾ ಲಖಮಗೌಡ ಸರದೇಸಾಯಿಯವರ ಹೆಸರನ್ನಿಟ್ಟರು. ಬೆಳಗಾವಿಯ ವಿಜ್ಞಾನ ಕಾಲೇಜೂ ಆ ದಾನಿಯ ಹೆಸರನ್ನೇ ಹೊತ್ತಿದೆ, ಅದು ಉಚಿತವೇ. ಆದರೆ ನೆಲವನ್ನು ಬಿಟ್ಟುಕೊಟ್ಟ ರೈತರ ಹೆಸರುಗಳು ಯಾವ ಕಲ್ಲಿನ ಮೇಲೂ ಕಾಣಸಿಗವು. ಅವರ ನೆಲದ ಮೇಲೆ ನಿಂತ ನೀರು ಕಾಲುವೆಗಳಲ್ಲಿ ಹರಿದು ದೂರದ ಮೂಡಣ ಸೀಮೆಯ ಹೊಲಗಳನ್ನು ಹಸಿರಾಗಿಸಿತು.

ಆದರೂ ಹುನ್ನೂರಿನ ಕಥೆ ಅಲ್ಲಿಗೆ ಸಮಾಪ್ತವಾಗಲಿಲ್ಲ. ವರ್ಷದ ಬಹುಭಾಗ ನೀರಿನಲ್ಲಿರುವ ಆ ಶಿಲಾಮಂದಿರವು ಬೇಸಗೆಯಲ್ಲಿ ಜಲಾಶಯವು ಇಳಿಯುತ್ತಲೇ ಮೊದಲು ಶಿಖರವನ್ನೂ, ಆಮೇಲೆ ಗೋಡೆಗಳನ್ನೂ, ಕಡೆಗೆ ಹೊಸ್ತಿಲನ್ನೂ ತೋರುತ್ತದೆ. ಇಷ್ಟು ಕಾಲ ನೀರಿನ ಒತ್ತಡವನ್ನು ತಾಳಿಯೂ ಕಲ್ಲುಗಳು ಕದಲಿಲ್ಲವೆಂದು ಬಂದವರು ವಿಸ್ಮಯಪಡುತ್ತಾರೆ. ಸುತ್ತಲಿನ ಹಳ್ಳಿಗಳಿಂದ ಜನರು ಒಣಗಿದ ಕೆಸರಿನ ಬಿರುಕುಗಳ ಮೇಲೆ ನಡೆದುಬಂದು ಕೈಮುಗಿಯುತ್ತಾರೆ. ಯೋಜನೆಯ ಲೆಕ್ಕಪತ್ರಗಳಲ್ಲಿ ಪರಿಹಾರ ಸಂದು ಮುಗಿದುಹೋದ ಊರು, ಭಕ್ತರ ಪಂಚಾಂಗದಲ್ಲಿ ಇನ್ನೂ ಪ್ರತಿವರ್ಷ ತೆರೆಯುವ ಕ್ಷೇತ್ರವಾಗಿದೆ. ಇವೆರಡರಲ್ಲಿ ಯಾವ ದಾಖಲೆಯನ್ನು ನಾವು ಪ್ರಮಾಣವೆಂದು ಹಿಡಿಯತಕ್ಕದ್ದು?

ಎರಡೂ ಬೇಕೆಂಬುದು ನನ್ನ ಅಭಿಪ್ರಾಯ. ಈ ಸೀಮೆಯ ಕುಲಕರ್ಣಿಗಳ ಹಳೆಯ ದಫ್ತರಗಳು ಮೋಡಿ ಲಿಪಿಯಲ್ಲಿವೆ. ಅದನ್ನು ಓದಬಲ್ಲವರು ವಿರಳರಾಗುತ್ತಿದ್ದಾರೆ. ಹೊಲದ ಹೆಸರು, ಹಳ್ಳದ ಹೆಸರು, ಮುಳುಗಿದ ಓಣಿಯ ಮನೆಗಳ ಸಾಲು ಇವೆಲ್ಲ ವೃದ್ಧರ ನಾಲಗೆಯ ಮೇಲಿವೆ. ಉತಾರದಲ್ಲಿ ಸರ್ವೇ ನಂಬರು ಉಳಿದೀತು. ಆ ಹೊಲದ ಬದುವಿನಲ್ಲಿ ಯಾವ ದೇವರ ಕಲ್ಲಿತ್ತೆಂಬುದು ಉಳಿಯದು. ಆದುದರಿಂದ ಊರಿನ ಶಾಲೆಯ ಮಕ್ಕಳ ಕೈಗೆ ಒಂದೊಂದು ವಹಿಯನ್ನು ಕೊಟ್ಟು, ಹಿರಿಯರನ್ನು ಕೇಳಿ ಬರೆದುಕೊಳ್ಳುವಂತೆ ಮಾಡಿ, ಮೋಡಿ ಬಲ್ಲವರಿಂದ ದಫ್ತರಗಳನ್ನು ಕನ್ನಡಕ್ಕಿಳಿಸಿ, ಇವೆರಡನ್ನೂ ಪಂಚಾಯತಿಯ ಕಪಾಟಿನಲ್ಲಿ ಒಟ್ಟಿಗೆ ಇರಿಸುವುದು ಅವಶ್ಯವಾಗಿದೆ. ಹೆದ್ದಾರಿಯಲ್ಲಿ ದಿನವೂ ಸಂಗ್ರಹವಾಗುವ ಸುಂಕದ ಅಲ್ಪಾಂಶವೂ ಇಂಥ ಕೆಲಸಕ್ಕೆ ಬೇಕಾಗದು. ಬೇಕಾದುದು ಊರವರ ಮನಸ್ಸು, ಅದೂ ಈಗಲೇ.